ಡಬ್ಬಿ ಕೊಡುವ ಮೊದಲು ಗಂಡಸಿನ ಪರೀಕ್ಷೆ ಮಾಡಿಸಿ

ಉತ್ತರ ಕನ್ನಡ ಜಿಲ್ಲೆಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ ಹಾಗೂ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಬಹಿರಂಗ ಪತ್ರ



ಮದುವೆಯಾಗಿ ನಾಲ್ಕಾರು ವರ್ಷವಾದರೂ ಮಕ್ಕಳಾಗದ ಮನೆಗಳು ಎಲ್ಲ ಊರುಗಳಲ್ಲಿ ಇರುವಂತೆ ನಮ್ಮ ಅರ್ಗಾದ ಸುತ್ತಮುತ್ತಲೂ ಇವೆ. ಅಂಥ ಮನೆಯ ಹೆಣ್ಣುಮಗಳು ಸ್ಕ್ಯಾನಿಂಗ್, ರಕ್ತಪರೀಕ್ಷೆ, ಗರ್ಭನಾಳದ ಎಕ್ಸ್‌ರೇ ಎಲ್ಲ ಮುಗಿಸಿ, ಹರಕೆಯನ್ನೂ ಹೊತ್ತು ಕುಳಿತಿರುತ್ತಾಳೆ. ಗಂಡನಿಗೆ ಒಂದು ವೀರ್ಯ ಪರೀಕ್ಷೆಯೂ ಆಗಿರುವುದಿಲ್ಲ. ಅವನ ಪಾಲಿಗೆ ಬರುವುದು ಔಷಧಿ ಅಂಗಡಿಯ ಪೂರಕ ಆಹಾರದ ಡಬ್ಬಿ.

ನನ್ನ ಹತ್ತಿರದ ಬಂಧುವೊಬ್ಬನಿಗೆ ಕೊಟ್ಟ ಡಬ್ಬಿ ಈಗ ನನ್ನೆದುರಿಗಿದೆ. ಮೇಲೆ ಸೀಳಿದ ದಾಳಿಂಬೆ, ದ್ರಾಕ್ಷಿ ಗೊಂಚಲು, ಕೆಂಪು ಟೊಮೆಟೊ. ಒಳಗಿನ ಮಾತ್ರೆಯಲ್ಲಿ ಲೈಕೋಪಿನ್, ಸತು, ವಿಟಮಿನ್ ಸಿ ಮತ್ತು ಇ ಎಂಬ ಆಂಟಿಆಕ್ಸಿಡೆಂಟ್‌ಗಳು. ಬದಿಯಲ್ಲಿ ಭೂತಗನ್ನಡಿ ಹಿಡಿದು ಓದಬೇಕಾದ ಇಂಗ್ಲಿಷ್ ಅಕ್ಷರಗಳಲ್ಲಿ, ಇದು ಔಷಧೀಯ ಬಳಕೆಗೆ ಅಲ್ಲ ಎಂದು ಅಚ್ಚಾಗಿದೆ. ಪೂರಕ ಆಹಾರದ ಮೇಲೆ ಹಾಗೆ ಬರೆಯಲೇಬೇಕೆಂಬುದು ನಿಯಮ. ವೆಲ್ಡಿಂಗ್ ಕೆಲಸ ಮಾಡುವ ಆ ಹುಡುಗ ಕೂಲಿಯ ದುಡ್ಡಿನಲ್ಲಿ ತಿಂಗಳುಗಟ್ಟಲೆ ಅದನ್ನೇ ಔಷಧಿಯೆಂದು ನುಂಗಿದ. ಅವನನ್ನು ಪರೀಕ್ಷೆ ಮಾಡಿದವರು ಯಾರೂ ಇಲ್ಲ.

ಹಣ್ಣಿನ ಆಂಟಿಆಕ್ಸಿಡೆಂಟ್‌ಗಳಿಂದ ಪ್ರಯೋಜನವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ವೀರ್ಯಾಣುವಿನ ಹೊರಪೊರೆ ಬೇಗ ಕೆಡುವ ಜಾತಿಯ ಕೊಬ್ಬಿನದು. ತನ್ನನ್ನು ತಾನು ಕಾಪಾಡಿಕೊಳ್ಳುವ ಕಿಣ್ವಗಳೂ ಅದರಲ್ಲಿ ಕಡಿಮೆ. ಬೀಡಿ, ಗುಟ್ಕಾ, ಸೋಂಕು, ಬೊಜ್ಜು, ಅತಿಯಾದ ಶಾಖ ಇವುಗಳಿಂದ ಹೆಚ್ಚುವ ಆಮ್ಲಜನಕದ ಉಗ್ರ ಕಣಗಳು ಆ ಪೊರೆಯನ್ನೂ ಒಳಗಿನ ಡಿಎನ್‌ಎಯನ್ನೂ ಹಾಳುಮಾಡುತ್ತವೆ. ವೀರ್ಯದ್ರವದಲ್ಲಿ ವಿಟಮಿನ್ ಸಿ ರಕ್ತದಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚಿರುವುದು ಈ ಹಾನಿಯನ್ನು ತಡೆಯಲು ನೆರವಾಗುತ್ತದೆ. ಹಾಗಾಗಿ ಹಣ್ಣು ತಿನ್ನಬೇಕು. ಆದರೆ ಅದಕ್ಕೆ ಡಬ್ಬಿ ಬೇಕೆ? ಗಂಡಸಿಗೆ ದಿನಕ್ಕೆ 80 ಮಿಲಿಗ್ರಾಂ ವಿಟಮಿನ್ ಸಿ ಸಾಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳಿದೆ. ಒಂದು ಸಣ್ಣ ಪೇರಲೆ ಹಣ್ಣಿನಲ್ಲಿ ಅದಕ್ಕಿಂತ ಹೆಚ್ಚು ಸಿಗುತ್ತದೆ. ನಮ್ಮ ಬೇಣಗಳಲ್ಲಿ ಬೀಜ ಕಿತ್ತುಕೊಂಡು ಕೊಳೆಯಲು ಬಿಡುವ ಗೇರುಹಣ್ಣಿನಲ್ಲೂ ಅದು ಧಾರಾಳವಾಗಿದೆ. ಮುರುಗಲು, ನೇರಳೆ ಹಣ್ಣುಗಳ ಕಡುಬಣ್ಣವೇ ಆಂಟಿಆಕ್ಸಿಡೆಂಟ್. ಅಂಕೋಲಾ ಪೇಟೆಯಲ್ಲಿ ಹಾಲಕ್ಕಿ ಹೆಂಗಸರು ಬುಟ್ಟಿಯಲ್ಲಿ ತಂದು ಮಾರುವ ಹಣ್ಣು ಯಾವ ಡಬ್ಬಿಗೂ ಕಡಿಮೆಯದಲ್ಲ.

ಡಬ್ಬಿಯ ಪರವಾಗಿ ಪುರಾವೆ ಎಷ್ಟಿದೆ ಎಂದೂ ನೋಡೋಣ. ಅಮೆರಿಕದಲ್ಲಿ 2,370 ದಂಪತಿಗಳನ್ನು ಸೇರಿಸಿಕೊಂಡು, ಗಂಡಂದಿರಿಗೆ ಆರು ತಿಂಗಳು ಸತು ಮತ್ತು ಫೋಲಿಕ್ ಆಮ್ಲ ಕೊಟ್ಟು ನೋಡಿದರು. 2020ರಲ್ಲಿ ಬಂದ ಫಲಿತಾಂಶದ ಪ್ರಕಾರ ಮಾತ್ರೆ ತಿಂದವರ ಮನೆಯಲ್ಲಿ ಹೆರಿಗೆಗಳೇನೂ ಹೆಚ್ಚಾಗಲಿಲ್ಲ. ಅದೇ ವರ್ಷ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ ವಿಟಮಿನ್ ಸಿ, ಇ, ಲೈಕೋಪಿನ್ ಮುಂತಾದವುಗಳ ಮಿಶ್ರಣ ವೀರ್ಯದ ಗುಣಮಟ್ಟವನ್ನು ಸುಧಾರಿಸಲಿಲ್ಲ. 2022ರಲ್ಲಿ ಕಾಕ್ರೇನ್ ಸಂಸ್ಥೆ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ, ಸ್ವಲ್ಪ ಅನುಕೂಲ ಆದರೂ ಆಗಬಹುದು, ಆದರೆ ಪುರಾವೆ ದುರ್ಬಲ ಎಂದಿತು. ಇಷ್ಟು ಸಂಶಯವಿರುವ ವಸ್ತುವನ್ನು ಪರೀಕ್ಷೆಯಿಲ್ಲದೆ ಬಡವನ ಕೈಗೆ ಕೊಡುವುದು ಅನ್ಯಾಯ.

ಏಕೆಂದರೆ ಮಕ್ಕಳಾಗದಿರಲು ಕಾರಣ ಬೇರೆಯೇ ಇರಬಹುದು. ಮಕ್ಕಳಾಗದೆ ವೈದ್ಯರ ಬಳಿ ಬರುವ ಗಂಡಸರಲ್ಲಿ ಮೂರರಲ್ಲೊಬ್ಬರಿಗಾದರೂ ವೃಷಣದ ರಕ್ತನಾಳ ಉಬ್ಬಿರುತ್ತದೆ. ಅದಕ್ಕೆ ಶಸ್ತ್ರಚಿಕಿತ್ಸೆಯಿದೆ. ಮತ್ತೆ ಕೆಲವರಲ್ಲಿ ವೀರ್ಯನಾಳವೇ ಕಟ್ಟಿಕೊಂಡು ವೀರ್ಯಾಣು ಹೊರಗೆ ಬರುವುದೇ ಇಲ್ಲ. ಜಿಮ್‌ನಲ್ಲಿ ಟೆಸ್ಟೋಸ್ಟಿರಾನ್ ಚುಚ್ಚಿಸಿಕೊಂಡವನಲ್ಲಿ ವೀರ್ಯಾಣುವಿನ ಉತ್ಪತ್ತಿಯೇ ನಿಂತಿರಬಹುದು. ಬೋಟಿನ ಎಂಜಿನ್ ಕೋಣೆಯಲ್ಲಿ, ಬೇಕರಿಯ ಒಲೆಯ ಮುಂದೆ, ಲಾರಿಯ ಸೀಟಿನಲ್ಲಿ ದಿನವಿಡೀ ಕೂರುವವನಿಗೆ ಶಾಖವೇ ಶತ್ರು. ಇವರಿಗೆಲ್ಲ ಒಂದೇ ಡಬ್ಬಿ ಕೊಟ್ಟರೆ ವರ್ಷ ಹೋಗುತ್ತದೆ, ಹೆಂಡತಿಯ ವಯಸ್ಸು ಏರುತ್ತದೆ.

ಕೊನೆಗೆ ವೆಲ್ಡಿಂಗ್ ಮಾಡುವ ಆ ಹುಡುಗನನ್ನು ನಾನೇ ಪರೀಕ್ಷೆಗೆಂದು ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಸಿಬ್ಬಂದಿ ಹತ್ತು ಜನರ ಎದುರಿಗೇ ಅವನ ಹೆಸರು ಕರೆದು, ಯಾವ ಪರೀಕ್ಷೆಯೆಂದು ಗಟ್ಟಿಯಾಗಿ ಹೇಳಿ, ಸೀಸೆ ಕೊಟ್ಟು ಸಾರ್ವಜನಿಕ ಶೌಚಾಲಯದ ಕಡೆಗೆ ಕೈ ತೋರಿಸಿದರು. ಅದರ ಬಾಗಿಲಿಗೆ ಚಿಲಕವಿರಲಿಲ್ಲ. ಅವನು ಖಾಲಿ ಸೀಸೆ ಹಿಡಿದು ಹಿಂದಿರುಗಿದ. ಮನೆಯಿಂದಲೇ ತರಬಹುದಲ್ಲ ಎನ್ನುವವರಿಗೆ ಒಂದು ಮಾತು: ಮಾದರಿಯನ್ನು ಮೈಯ ಬಿಸಿ ಆರದಂತೆ, ಒಂದು ತಾಸಿನೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಬಸ್ಸಿಗೆ ಕಾಯುವ ಒಳನಾಡಿನ ಹಳ್ಳಿಯವನಿಗೆ ಅದು ಆಗುವ ಕೆಲಸವೆ?

ಹಣ್ಣು ತಿನ್ನಬೇಕೆಂದ ಮೇಲೆ ಆಹಾರ ಸುರಕ್ಷತೆಯವರಿಗೂ ಒಂದು ಮಾತು ಹೇಳಬೇಕು. ಮಾವು ಮಾಗಿಸಲು ಕಾರ್ಬೈಡ್ ಬಳಸುವುದಕ್ಕೆ ನಿಷೇಧವಿದೆ, ಆದರೆ ಹಂಗಾಮಿನಲ್ಲಿ ತಪಾಸಣೆ ನಡೆಯದಿದ್ದರೆ ನಿಷೇಧ ಕಾಗದದಲ್ಲೇ ಉಳಿಯುತ್ತದೆ. ಕೀಟನಾಶಕದ ವಿಷಯ ಇನ್ನೂ ಗಂಭೀರ. ಕಾಸರಗೋಡಿನ ಪಡ್ರೆಯಲ್ಲಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಕನ್ನಡಿಗರೆಲ್ಲ ಬಲ್ಲ ಕಥೆ. ಅಲ್ಲಿನ ಶಾಲಾ ಹುಡುಗರನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ, ಆ ವಿಷ ಗಂಡುಮಕ್ಕಳು ಪ್ರಾಯಕ್ಕೆ ಬರುವುದನ್ನೇ ತಡಮಾಡಿರಬಹುದು ಎಂದಿತು. ಸುಪ್ರೀಂ ಕೋರ್ಟ್ 2011ರಲ್ಲಿ ಎಂಡೋಸಲ್ಫಾನ್ ಬಳಕೆಯನ್ನು ತಡೆಯಿತು. ಕೀಟನಾಶಕದ ಶೇಷ ಹೆಚ್ಚಿರುವ ಹಣ್ಣು, ತರಕಾರಿ ಜಾಸ್ತಿ ತಿಂದ ಗಂಡಸರಲ್ಲಿ ವೀರ್ಯಾಣುಗಳ ಸಂಖ್ಯೆ ಕಡಿಮೆಯಿದ್ದುದು 2015ರ ಅಮೆರಿಕದ ಒಂದು ಅಧ್ಯಯನದಲ್ಲಿ ಕಂಡಿದೆ. ಹಣ್ಣು ತಿನ್ನಿ ಎನ್ನುವ ಸರಕಾರ ಹಣ್ಣು ಶುದ್ಧವಾಗಿರುವಂತೆಯೂ ನೋಡಿಕೊಳ್ಳಬೇಕು.

ಆದ್ದರಿಂದ ಕಾರವಾರ, ಅಂಕೋಲಾಗಳ ಸರಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೊಂದು ನಿಗದಿತ ದಿನ, ಚಿಲಕವಿರುವ ಪ್ರತ್ಯೇಕ ಕೋಣೆಯಲ್ಲಿ ಗಂಡಸರ ಪರೀಕ್ಷೆ ನಡೆಯುವಂತೆ ಮಾಡಿ. ಮಕ್ಕಳಿಲ್ಲವೆಂದು ಹೆಂಡತಿ ಚೀಟಿ ಮಾಡಿಸಿದ ದಿನವೇ ಗಂಡನ ಹೆಸರಿಗೂ ಚೀಟಿಯಾಗಲಿ. ಹೊಸ ವೀರ್ಯಾಣು ಬಲಿಯಲು ಸುಮಾರು ಮೂರು ತಿಂಗಳು ಬೇಕು, ಅಷ್ಟು ಕಾಲ ತಂಬಾಕು ಬಿಟ್ಟು ಹಣ್ಣು ತಿಂದು ನೋಡು ಎಂದು ಹೇಳಲು ಆಶಾ ಕಾರ್ಯಕರ್ತೆಯರ ಜೊತೆಗೆ ಪುರುಷ ಸಿಬ್ಬಂದಿಯನ್ನೂ ಕಳಿಸಿ. ಬಂಜೆತನ ಹೋಗಲಾಡಿಸುತ್ತೇವೆಂದು ಪೂರಕ ಆಹಾರ ಮಾರುವ ಅಂಗಡಿಗಳನ್ನು ತಪಾಸಣೆ ಮಾಡಿ, ತಪ್ಪಿದ್ದರೆ ದಂಡ ಹಾಕಿ. ಮುಂದಿನ ಮಾವಿನ ಹಂಗಾಮಿನೊಳಗೆ ಇದರಲ್ಲಿ ಯಾವುದು ಆಯಿತು, ಯಾವುದು ಆಗಲಿಲ್ಲ ಎಂದು ಜನರಿಗೆ ತಿಳಿಸಬೇಕಾಗಿ ಕೋರುತ್ತೇನೆ.

ಇಂತಿ,
ಅರ್ಗಾದ ನಿವಾಸಿ