ಏರಿ ಇಲ್ಲದ ನೀರು

ಈಗಿನ ಹುಡುಗರಿಗೆ ಸ್ವಾತಂತ್ರ್ಯ ಜಾಸ್ತಿಯಾಗಿದೆ, ಅದಕ್ಕೇ ಗುರಿ ಇಲ್ಲದೆ ಅಲೆಯುತ್ತಿದ್ದಾರೆ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಪತ್ರಿಕೆಗಳ ಅಂಕಣಗಳಲ್ಲಿ, ಕಾಲೇಜು ವಾರ್ಷಿಕೋತ್ಸವದ ಭಾಷಣಗಳಲ್ಲಿ ಈ ಮಾತನ್ನು ಕೇಳದ ವಾರವಿಲ್ಲ. ಇದರ ಎದುರಿಗೆ ಇನ್ನೊಂದು ಮಾತು ಅಷ್ಟೇ ಜೋರಾಗಿ ಓಡಾಡುತ್ತಿದೆ. ನಿನಗೇನು ಇಷ್ಟವೋ ಅದನ್ನು ನಿನ್ನೊಳಗೇ ಹುಡುಕಿಕೋ, ಸಿಕ್ಕ ದಿನ ದಾರಿ ತಾನಾಗಿ ತೆರೆಯುತ್ತದೆ. ಇದನ್ನು ಹೇಳುವವರು ರೀಲ್ಸ್‌ಗಳಲ್ಲಿದ್ದಾರೆ, ವ್ಯಕ್ತಿತ್ವ ವಿಕಸನದ ಶಿಬಿರಗಳಲ್ಲಿದ್ದಾರೆ, ಈಚೆಗೆ ವಿಶ್ವವಿದ್ಯಾಲಯಗಳ ಸಭಾಂಗಣಗಳಲ್ಲೂ ಇದ್ದಾರೆ. ಮೊದಲನೆಯವರು ನಮ್ಮನ್ನು ಹಿಂದಕ್ಕೆ ಕರೆಯುತ್ತಾರೆ, ಎರಡನೆಯವರು ಒಳಕ್ಕೆ ಕರೆಯುತ್ತಾರೆ. ಇಬ್ಬರದೂ ತಪ್ಪು ದಾರಿ ಎಂಬುದು ನನ್ನ ವಾದ.

ವಾದಕ್ಕೆ ಇಳಿಯುವ ಮೊದಲು ಯಾವ ಸ್ವಾತಂತ್ರ್ಯದ ಬಗ್ಗೆ ಮಾತಾಡುತ್ತಿದ್ದೇನೆ ಎಂಬುದು ಸ್ಪಷ್ಟವಾಗಲಿ. ನಾನು ಪಿಎಚ್‌ಡಿ ಮಾಡುತ್ತಿರುವವನು. ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಜೆಆರ್‌ಎಫ್ ಸಿಕ್ಕವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಕೋರ್ಸ್‌ವರ್ಕ್ ಮುಗಿದ ಮೇಲೆ ತರಗತಿ ಇಲ್ಲ, ಹಾಜರಿ ಇಲ್ಲ, ಗಂಟೆ ಬಾರಿಸುವವರಿಲ್ಲ. ಆರು ತಿಂಗಳಿಗೊಮ್ಮೆ ಪ್ರಗತಿ ವರದಿ ಬರೆದು ಸಹಿ ಹಾಕಿಸಿದರೆ ಆಯಿತು. ಬೆಳಿಗ್ಗೆ ಎದ್ದರೆ ಇಡೀ ದಿನ ನಮ್ಮದೇ. ಬುಕ್ಕಾಂಬುಧಿಯಲ್ಲಿ ಈರುಳ್ಳಿ ಬಿತ್ತಿದವರಿಗೆ ಈ ಭಾಗ್ಯವಿಲ್ಲ. ಅವರ ದಿನವನ್ನು ಮೋಡ, ಕಳೆ, ಕೂಲಿಯಾಳು, ಮಾರುಕಟ್ಟೆಯ ದರ ಎಲ್ಲವೂ ಸೇರಿ ಹಂಚಿಕೊಂಡುಬಿಟ್ಟಿರುತ್ತವೆ.

ಎಲ್ಲ ಸಂಶೋಧನಾ ವಿದ್ಯಾರ್ಥಿಗಳಿಗೂ ಈ ಭಾಗ್ಯವಿಲ್ಲ. ಫೆಲೋಶಿಪ್ ಇಲ್ಲದವರು ಎರಡು ಮೂರು ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ದುಡಿದು, ರಾತ್ರಿ ಪ್ರಬಂಧ ಬರೆಯುತ್ತಾರೆ. ಹಳ್ಳಿಯಿಂದ ಬಂದ ಎಷ್ಟೋ ಹುಡುಗಿಯರಿಗೆ ಪಿಎಚ್‌ಡಿ ನೋಂದಣಿ ಎಂದರೆ ಮದುವೆಯನ್ನು ಮುಂದೂಡಲು ಮನೆಯವರಿಗೆ ಸಲ್ಲಿಸಿದ ಅರ್ಜಿ. ಅವರಿಗೆ 'ನಿಮಗೆ ಸ್ವಾತಂತ್ರ್ಯ ಹೆಚ್ಚಾಯಿತು' ಎನ್ನುವುದು ಕ್ರೂರ ತಮಾಷೆ. ಆದರೆ ಸ್ವಾತಂತ್ರ್ಯ ನಿಜಕ್ಕೂ ಸಿಕ್ಕವರ ಹಾಸ್ಟೆಲ್ ಕೋಣೆಗಳಲ್ಲಿ ಒಂದು ಕಾಯಿಲೆ ಇರುವುದು ಸುಳ್ಳಲ್ಲ. ಮೂರನೆಯ ವರ್ಷದಲ್ಲಿ ವಿಷಯ ಬದಲಿಸುವ ಯೋಚನೆ, ನಾಲ್ಕನೆಯ ವರ್ಷದಲ್ಲಿ ಕೆಎಎಸ್ ಕೋಚಿಂಗ್, ನಡುವೆ ಒಂದು ಕಿರುಚಿತ್ರ, ಅರ್ಧ ಅನುವಾದ. ಊರಿಗೆ ಹೋದಾಗ "ಇನ್ನೂ ಓದ್ತಾನೇ ಇದ್ದೀಯೇನಪ್ಪಾ, ಯಾವಾಗ ಮುಗಿಯೋದು?" ಎಂದು ದೊಡ್ಡಪ್ಪ ಕೇಳಿದರೆ ಕೋಪ ಬರುತ್ತದೆ. ಕೋಪಕ್ಕೆ ಕಾರಣ ಅವರಲ್ಲ. ಅದೇ ಪ್ರಶ್ನೆಯನ್ನು ವಿಶ್ವವಿದ್ಯಾಲಯದಲ್ಲಿ ನಮ್ಮನ್ನು ಯಾರೂ ಕೇಳುತ್ತಿಲ್ಲ.

ಈಗ ಹಿಂದಕ್ಕೆ ಕರೆಯುವವರ ಮಾತು. ಹಿಂದಿನವರಿಗೆ ಗುರಿ ಇತ್ತು, ಹೊಣೆ ಇತ್ತು, ತಲೆಯ ಮೇಲೆ ಹಿರಿಯರಿದ್ದರು ಎನ್ನುತ್ತಾರೆ. ಇದ್ದರು, ನಿಜ. ಆದರೆ ಆ ಗುರಿಯನ್ನು ಯಾರು ಯಾರ ಮೇಲೆ ಹೊರಿಸಿದ್ದರು? 'ಕೆರೆಗೆ ಹಾರ'ದ ಭಾಗೀರಥಿಗೆ ಗುರಿಯ ಕೊರತೆ ಇರಲಿಲ್ಲ. ಮಲ್ಲನಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ, ಕಿರಿಸೊಸೆಯನ್ನು ಹಾರ ಕೊಡಬೇಕೆಂದು ಹೊತ್ತಿಗೆ ತೆಗೆದವರು ಹೇಳಿದರು. ಮನೆಯ ಹಿರಿಯರೆಲ್ಲ ಒಪ್ಪಿದರು. ಅವಳ ಬದುಕಿಗೆ ಊರು ಅತ್ಯಂತ ಸ್ಪಷ್ಟವಾದ ಉದ್ದೇಶವೊಂದನ್ನು ಕೊಟ್ಟಿತು. ಅವಳನ್ನು ಮಾತ್ರ ಯಾರೂ ಕೇಳಲಿಲ್ಲ. ನಮ್ಮ ಹಳ್ಳಿಗಳ ನೀರಗಂಟಿಯನ್ನೂ ನೆನೆಯಬೇಕು. ತೂಬು ತೆಗೆದು, ಸರದಿಯ ಪ್ರಕಾರ ಗದ್ದೆಗದ್ದೆಗೆ ನೀರು ಹಾಯಿಸುವುದು ಅವನ ಕೆಲಸ. ಹಲವು ಊರುಗಳಲ್ಲಿ ಆ ಕೆಲಸ ತಲೆಮಾರುಗಳಿಂದ ದಲಿತ ಕುಟುಂಬಗಳದಾಗಿತ್ತು. ಅಪ್ಪನಿಗೆ ಇದ್ದ ಗುರಿಯೇ ಮಗನಿಗೆ, ಮೊಮ್ಮಗನಿಗೆ. ಅದನ್ನು 'ಬದುಕಿನ ದಿಕ್ಕು' ಎಂದು ಕರೆದು ನಿಟ್ಟುಸಿರು ಬಿಡುವವರು ಒಮ್ಮೆ ಆ ಮನೆಗಳಿಗೆ ಹೋಗಿ, ಮೊದಲ ಬಾರಿಗೆ ಡಿಗ್ರಿ ಓದುತ್ತಿರುವ ಮೊಮ್ಮಗಳನ್ನು ಮಾತಾಡಿಸಲಿ. ದಿಕ್ಕು ತೋಚದೆ ನಿಲ್ಲುವ ಹಕ್ಕನ್ನೂ ಅವಳ ಕುಟುಂಬ ಹೋರಾಡಿಯೇ ಗಳಿಸಿದೆ. ಅದನ್ನು ಕಿತ್ತುಕೊಳ್ಳುವ ಯಾವ ಶಿಸ್ತಿನ ಪಾಠವೂ ನಮಗೆ ಬೇಡ.

ಹಾಗಾದರೆ ಒಳಕ್ಕೆ ಕರೆಯುವವರು ಸರಿಯೇ? ಬಂಧನ ಕಳಚಿದರೆ ಸಾಕು, ಮನುಷ್ಯ ತನ್ನ ದಾರಿಯನ್ನು ತಾನೇ ಕಂಡುಕೊಳ್ಳುತ್ತಾನೆಯೇ? ಈ ಪ್ರಶ್ನೆಗೆ ಕನ್ನಡದಲ್ಲಿ ಬಂದಿರುವ ಅತ್ಯಂತ ಕಹಿಯಾದ ಉತ್ತರ ನಮ್ಮ ಪಕ್ಕದ ಅಜ್ಜಂಪುರದ ಹೆಸರು ಹೊತ್ತ ಲೇಖಕರದು. ಅಜ್ಜಂಪುರ ಸೀತಾರಾಂ, ಅಂದರೆ 'ಆನಂದ'ರ 'ನಾನು ಕೊಂದ ಹುಡುಗಿ' ಕತೆಯನ್ನು ಬಹಳ ಮಂದಿ ಓದಿರುತ್ತೀರಿ. ಹಳ್ಳಿಯೊಂದಕ್ಕೆ ಅತಿಥಿಯಾಗಿ ಬಂದ ಓದಿದ ಮನುಷ್ಯ, ಆ ಮನೆಯ ಮಗಳು ಚೆನ್ನಿ. ಅವಳು ದೇವರಿಗೆ ಬಿಟ್ಟ ಬಸವಿ. ತಾನು ಮಾಡುತ್ತಿರುವುದು ದೇವರ ಸೇವೆ ಎಂದೇ ನಂಬಿದವಳು. ಅತಿಥಿ ಅವಳಿಗೆ ಅದು ಸೇವೆಯಲ್ಲ ಎಂದು ತಿಳಿಹೇಳುತ್ತಾನೆ. ಬೆಳಗಾಗುವಷ್ಟರಲ್ಲಿ ಚೆನ್ನಿ ಬಾವಿಯ ಪಾಲಾಗಿರುತ್ತಾಳೆ.

ಸಾಮಾನ್ಯವಾಗಿ ಈ ಕತೆಯನ್ನು ಬಸವಿ ಪದ್ಧತಿಯ ವಿರುದ್ಧದ ಕತೆಯೆಂದು ಪಾಠ ಮಾಡುತ್ತಾರೆ. ಅದು ಹೌದು. ಆದರೆ ಶೀರ್ಷಿಕೆ 'ಪದ್ಧತಿ ಕೊಂದ ಹುಡುಗಿ' ಎಂದಿಲ್ಲ, 'ನಾನು ಕೊಂದ' ಎಂದಿದೆ. ಅತಿಥಿ ಹೇಳಿದ್ದು ಸತ್ಯವೇ. ಆದರೆ ಆ ಸತ್ಯ ಕೇಳಿದ ಮೇಲೆ ಚೆನ್ನಿ ನಾಳೆ ಬೆಳಿಗ್ಗೆ ಎದ್ದು ಯಾರ ಮನೆಗೆ ಹೋಗಬೇಕು, ಯಾರ ಜೊತೆ ಬದುಕಬೇಕು, ಏನು ಮಾಡಬೇಕು ಎಂಬುದರ ಹೊಣೆಯನ್ನು ಅವನು ಹೊರಲಿಲ್ಲ. ಇದ್ದ ಅರ್ಥವನ್ನು ಒಡೆದ, ಬೇರೆಯದನ್ನು ಕಟ್ಟಲು ಜೊತೆಗೆ ನಿಲ್ಲಲಿಲ್ಲ. ಇದರಿಂದ ಅವಳನ್ನು ಹಾಗೆಯೇ ಬಿಡಬೇಕಿತ್ತು ಎಂದಾಗುವುದಿಲ್ಲ. ಬಿಡುಗಡೆ ಮಾಡಿದವರ ಕೆಲಸ ಬಿಡುಗಡೆಗೇ ಮುಗಿಯುವುದಿಲ್ಲ ಎಂದಾಗುತ್ತದೆ.

ಒಳಕ್ಕೆ ನೋಡಿ ಎನ್ನುವವರು ಸಾರ್ತ್ರನ ಹೆಸರನ್ನೂ ತರುತ್ತಾರೆ. 1945ರ ತನ್ನ ಪ್ರಸಿದ್ಧ ಉಪನ್ಯಾಸದಲ್ಲಿ ಅವನು ಒಬ್ಬ ವಿದ್ಯಾರ್ಥಿಯ ಉದಾಹರಣೆ ಕೊಟ್ಟ. ಒಂದು ಕಡೆ ತನ್ನನ್ನೇ ನೆಚ್ಚಿಕೊಂಡ ತಾಯಿ, ಇನ್ನೊಂದು ಕಡೆ ನಾಜಿಗಳ ವಿರುದ್ಧದ ಯುದ್ಧ. ಯಾವುದನ್ನು ಆರಿಸಲಿ ಎಂದು ಕೇಳಿದ್ದಕ್ಕೆ ಸಾರ್ತ್ರ ಕೊಟ್ಟ ಉತ್ತರದ ಸಾರ ಇಷ್ಟೇ: ನೀನು ಸ್ವತಂತ್ರ, ನೀನೇ ಆರಿಸು. ಈ ಉದಾಹರಣೆಯನ್ನು ನಮಗೆ ಹೊಂದಿಸುವವರು ಒಂದನ್ನು ಮರೆಯುತ್ತಾರೆ. ಆ ಹುಡುಗನನ್ನು ಕರೆಯುವವರು ಇಬ್ಬರಿದ್ದರು. ಅವನ ಸಂಕಟ ಬಂಧಗಳು ಹೆಚ್ಚಾದದ್ದರಿಂದ ಬಂದದ್ದು. ನಮ್ಮ ಹಾಸ್ಟೆಲ್ ಕೋಣೆಯ ಸಂಕಟ ಬೇರೆ. ಇಲ್ಲಿ ಯಾರೂ ಕರೆಯುತ್ತಿಲ್ಲ. ಕರೆಯುವವರೇ ಇಲ್ಲದವನಿಗೆ 'ಆರಿಸಿಕೋ' ಎಂದರೆ ಅವನು ಏನನ್ನು ಆರಿಸಬೇಕು?

ಇಷ್ಟವನ್ನು ಒಳಗೆ ಹುಡುಕುವುದರಲ್ಲಿ ಇರುವ ದೋಷ ಇದೇ. ಒಳಗೆ ಇರುವುದು ನೀರು ಮಾತ್ರ. ಮಳೆ ಬಂದಾಗ ಹರಿಯುತ್ತದೆ, ಬಿಸಿಲು ಬಂದಾಗ ಆರುತ್ತದೆ. ಅದನ್ನು ಎಷ್ಟು ದಿಟ್ಟಿಸಿದರೂ ಅದು ಕೆರೆಯಾಗುವುದಿಲ್ಲ. ನಮ್ಮೂರಿನ ಹೆಸರಿನಲ್ಲೇ ಅಂಬುಧಿ ಇದೆ. ಅಂಬುಧಿ ಎಂದರೆ ಕಡಲು. ಆದರೆ ಅಲ್ಲಿರುವುದು ಕೆರೆ. ಈ ನಾಡಿನ ಹಿರಿಯರು ಕೆರೆಗಳನ್ನು ಸಾಗರ, ಸಮುದ್ರ, ಅಂಬುಧಿ ಎಂದು ಕರೆದರು. ಏರಿ ಕಟ್ಟಿ ನಿಲ್ಲಿಸಿದ ನೀರಿಗೇ ಆ ದೊಡ್ಡ ಹೆಸರನ್ನು ಕೊಟ್ಟರು. ಅಜ್ಜಂಪುರದ ಕಡೆಗೆ ಹೋದರೆ ಇದರ ತಿರುಗುಮುರುಗು ಇನ್ನೊಂದು ಹೆಸರು ಸಿಗುತ್ತದೆ. ಅಲ್ಲಿ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿಕೊಂಡು, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಆದ ರಾಸುಗಳು ಮೇಯುತ್ತಿದ್ದುದು ಬೇಲಿಯಿಲ್ಲದ ಹುಲ್ಲುಗಾವಲಿನಲ್ಲಿ. ಅಷ್ಟು ಬಯಲಾದ ಜಾಗಕ್ಕೆ ಜನ ಇಟ್ಟ ಹೆಸರು 'ಕಾವಲು'. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಇನ್ನೊಂದು. ರಾಸುಗಳು ಬಯಲಲ್ಲಿ ಬಿಡುಬೀಸಾಗಿ ಮೇಯಬೇಕಾದರೆ ಯಾವ ಹುಲ್ಲಿಗೆ ಯಾವಾಗ ಬಿಡುವು ಕೊಡಬೇಕೆಂದು ಕಾಯುವವರೂ ಬೇಕು ಎಂಬುದು ಅವರಿಗೆ ಗೊತ್ತಿತ್ತು.

ನನ್ನ ವಾದ ಇಷ್ಟು: ದಿಕ್ಕು ಸಿಗುವ ವಸ್ತುವಲ್ಲ, ಕಟ್ಟುವ ವಸ್ತು. ಅದನ್ನು ಒಬ್ಬರೇ ಕಟ್ಟಲಾಗುವುದಿಲ್ಲ. ನಮ್ಮ ಕೆಲಸಕ್ಕಾಗಿ ಕಾಯುವ, ನಾವು ಮಾಡದೆ ಹೋದರೆ ನಷ್ಟಪಡುವ ಇನ್ನೊಬ್ಬರು ಬೇಕು.

"ಶಿವರಾಮ ಕಾರಂತರು ಹಾಗಿರಲಿಲ್ಲವಲ್ಲ, ಮನಸ್ಸು ಬಂದ ಕಡೆ ಹೋದರಲ್ಲ?" ಎಂದು ಗೆಳೆಯರು ಕೇಳುತ್ತಾರೆ. 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಎಂಬ ಹೆಸರು ನಮ್ಮ ತಲೆಮಾರಿನ ಅರ್ಧಂಬರ್ಧ ಕೆಲಸಗಳಿಗೆಲ್ಲ ನೆಪವಾಗಿಬಿಟ್ಟಿದೆ. ಕಾರಂತರು ಗಾಂಧಿಯ ಅಸಹಕಾರ ಚಳವಳಿಗಾಗಿ ಕಾಲೇಜು ಬಿಟ್ಟರು, ಬೇಜಾರಾಯಿತೆಂದು ಬಿಟ್ಟದ್ದಲ್ಲ. ಕನ್ನಡದ ಮಕ್ಕಳಿಗೆ ಓದಲು ಪುಸ್ತಕ ಬೇಕೆಂದು ಮೂರು ಸಂಪುಟಗಳ 'ಬಾಲಪ್ರಪಂಚ' ಬರೆದರು. ಆಮೇಲೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'. ಹತ್ತು ಮುಖಗಳಲ್ಲಿ ಪ್ರತಿಯೊಂದೂ ಯಾರದೋ ಕಡೆಗೆ ತಿರುಗಿತ್ತು. ನಮ್ಮ ಜಿಲ್ಲೆಯ ಹುಡುಗರಿಗೆ ಇನ್ನೊಂದು ನೆಪ ತೇಜಸ್ವಿ. ಮೈಸೂರಿನಲ್ಲಿ ಓದಿ, ಮೇಷ್ಟರಾಗದೆ, ಮೂಡಿಗೆರೆಯಲ್ಲಿ ತೋಟ ಮಾಡಿ, ಮೀನು ಹಿಡಿದು, ಹಕ್ಕಿಗಳ ಫೋಟೊ ತೆಗೆದರು ಎಂದು ಪಟ್ಟಿ ಮಾಡುತ್ತೇವೆ. ಕಾಫಿ ತೋಟ ಕಾಯಿಸುವುದಿಲ್ಲ, ಕೊಯ್ಲಿನ ಕಾಲಕ್ಕೆ ಕೊಯ್ಯಲೇಬೇಕು ಎಂಬುದನ್ನು ಪಟ್ಟಿಯಿಂದ ಬಿಟ್ಟುಬಿಡುತ್ತೇವೆ. 'ಕರ್ವಾಲೊ'ದಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಟದ್ದು ಕೂಡ ಒಂದು ಗುಂಪು. ಮಂದಣ್ಣನಿಲ್ಲದ ಕರ್ವಾಲೊ ಎಷ್ಟು ದೂರ ಹೋಗುತ್ತಿದ್ದರು?

ಹೀಗೆ ಕಟ್ಟಿಕೊಳ್ಳುವ ಬಂಧವೂ ಹಳೆಯ ಸರಪಳಿಯೇ ಆಗಿಬಿಡುವ ಅಪಾಯವಿದೆ. ಆದ್ದರಿಂದ ಕೆರೆಯನ್ನು ಪೂರ್ತಿ ನೋಡಬೇಕು. ಕೆರೆಗೆ ಏರಿಯೊಂದೇ ಇರುವುದಿಲ್ಲ. ತೂಬು ಇರುತ್ತದೆ, ನೀರು ಅಚ್ಚುಕಟ್ಟಿಗೆ ಹೋಗಲು. ಕೋಡಿ ಇರುತ್ತದೆ, ಹೆಚ್ಚಾದದ್ದು ಹೊರಗೆ ಹರಿಯಲು. ತೂಬಿಲ್ಲದ ಬಂಧ ಯಾರಿಗೂ ಉಪಯೋಗವಿಲ್ಲದ ಹಟ. ಕೋಡಿಯಿಲ್ಲದ ಬಂಧ ಒಂದು ದಿನ ಒಡೆದು ಕೆಳಗಿನ ಊರನ್ನೇ ಕೊಚ್ಚಿಕೊಂಡು ಹೋಗುತ್ತದೆ. ಜಾತಿ ಕಟ್ಟಿದ ಏರಿಗೆ ಕೋಡಿ ಇರಲಿಲ್ಲ. ಒಮ್ಮೆ ಒಳಗೆ ಹುಟ್ಟಿದವರು ಹೊರಗೆ ಬರುವಂತಿರಲಿಲ್ಲ. ನಾವು ಕಟ್ಟುವುದರಲ್ಲಿ ಬಿಟ್ಟುಹೋಗುವ ಬಾಗಿಲು ತೆರೆದಿರಬೇಕು. ಆದರೆ ಬಿಟ್ಟುಹೋದವರ ಜಾಗ ಖಾಲಿಯಾಯಿತೆಂದು ಉಳಿದವರಿಗೆ ಗೊತ್ತಾಗಲೂ ಬೇಕು.

ಇದು ಬರೀ ವೈಯಕ್ತಿಕ ನೆಮ್ಮದಿಯ ಮಾತಲ್ಲ. ಎರಿಕ್ ಫ್ರಾಮ್ 1941ರಲ್ಲೇ ಎಚ್ಚರಿಸಿದ್ದ. ಹಳೆಯ ಬಂಧಗಳಿಂದ ಬಿಡುಗಡೆಯಾಗಿಯೂ ಹೊಸ ಸಂಬಂಧ ಕಟ್ಟಿಕೊಳ್ಳಲಾರದ ಮನುಷ್ಯ ತನ್ನ ಸ್ವಾತಂತ್ರ್ಯವನ್ನೇ ಹೊರೆಯೆಂದು ಭಾವಿಸಿ ಯಾರದೋ ಕಾಲಿಗೆ ಬೀಳುತ್ತಾನೆ. ಅವನ ಕಣ್ಣ ಮುಂದಿದ್ದುದು ಜರ್ಮನಿ. ನಮ್ಮ ಕಣ್ಣ ಮುಂದೆ ನಮ್ಮದೇ ತಾಲ್ಲೂಕುಗಳಿವೆ. ಡಿಗ್ರಿ ಮುಗಿಸಿ, ಕೆಲಸವಿಲ್ಲದೆ, ಕಟ್ಟೆಯ ಮೇಲೆ ಕೂತ ಹುಡುಗನ ಕೈಗೆ ಬಾವುಟ ಕೊಡುವವರು ತಡಮಾಡುವುದಿಲ್ಲ. ಅವರು 'ನಿನ್ನ ಇಷ್ಟವನ್ನು ಹುಡುಕು' ಎನ್ನುವುದಿಲ್ಲ. 'ಭಾನುವಾರ ಬೆಳಿಗ್ಗೆ ಆರಕ್ಕೆ ಬಾ, ನಿನಗಾಗಿ ಕಾಯುತ್ತಿರುತ್ತೇವೆ' ಎನ್ನುತ್ತಾರೆ. ಕಾಯುವವರಿದ್ದಾರೆ ಎಂಬ ಒಂದೇ ಕಾರಣಕ್ಕೆ ಅವನು ಹೋಗುತ್ತಾನೆ. ದ್ವೇಷ ಹಂಚುವವರಿಗೆ ತಿಳಿದಿರುವ ಈ ಸರಳ ಸಂಗತಿ ನಮ್ಮ ಸಾಹಿತ್ಯ ವಿಭಾಗಗಳಿಗೆ ಏಕೆ ತಿಳಿದಿಲ್ಲ?

ಸಂಶೋಧನಾ ವಿದ್ಯಾರ್ಥಿಯನ್ನು ಆರು ವರ್ಷ ಒಂಟಿಯಾಗಿ ಬಿಟ್ಟು ಅದನ್ನು 'ಬೌದ್ಧಿಕ ಸ್ವಾತಂತ್ರ್ಯ' ಎನ್ನುವುದು ನಿರ್ಲಕ್ಷ್ಯಕ್ಕೆ ಇಟ್ಟ ಮುದ್ದಿನ ಹೆಸರು. ನನಗೆ ಬೇಕಾದುದು ಹಾಜರಿ ಪುಸ್ತಕವಲ್ಲ, ಬಯೋಮೆಟ್ರಿಕ್ ಅಲ್ಲ. ವಾರಕ್ಕೊಮ್ಮೆ ಐದಾರು ಮಂದಿ ಕೂತು, ಒಬ್ಬರು ಬರೆದ ನಾಲ್ಕು ಪುಟವನ್ನು ಉಳಿದವರು ಓದಿ ಜಗಳವಾಡುವ ಜಾಗ. ಯಾರ ಊರಿನ ಶಾಸನವನ್ನೋ ಹಾಡನ್ನೋ ಓದಿ ಪ್ರಬಂಧ ಬರೆಯುತ್ತೇವೋ ಆ ಊರಿಗೇ ಹೋಗಿ, ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಕನ್ನಡದಲ್ಲಿ ವಿವರಿಸುವ ಕಟ್ಟುಪಾಡು. ಇದಕ್ಕೆ ಸುತ್ತೋಲೆ ಬರಲೆಂದು ಕಾಯಬೇಕಿಲ್ಲ. ಮೂರು ಜನ ಸೇರಿದರೆ ಶುರುವಾಗುತ್ತದೆ.

ಶುರುವಾದ ಮೇಲೂ ನಿಶ್ಚಿಂತೆಯಿಲ್ಲ. ಕೆರೆಯಲ್ಲಿ ವರ್ಷವರ್ಷ ಹೂಳು ತುಂಬುತ್ತದೆ. ತೆಗೆಯುವವರು ತೆಗೆಯುತ್ತಲೇ ಇರಬೇಕು. ಆದ್ದರಿಂದ ದಿಕ್ಕು ತೋಚುತ್ತಿಲ್ಲ ಎನ್ನುವ ಗೆಳೆಯರಿಗೆ 'ನಿಮ್ಮ ಗುರಿ ಏನು' ಎಂಬ ಪ್ರಶ್ನೆಯನ್ನು ನಾನು ಕೇಳುವುದಿಲ್ಲ. ಅದಕ್ಕೆ ಯಾರಲ್ಲೂ ಪ್ರಾಮಾಣಿಕ ಉತ್ತರವಿರುವುದಿಲ್ಲ. ಕೇಳುವುದು ಇಷ್ಟೇ: ಮುಂದಿನ ಸೋಮವಾರ ನಿಮ್ಮ ನಾಲ್ಕು ಪುಟಕ್ಕಾಗಿ ಕಾಯುತ್ತಿರುವವರು ಯಾರು? ಯಾರೂ ಇಲ್ಲವೆಂದಾದರೆ, ಅಂಥ ಒಬ್ಬರನ್ನು ಹುಡುಕುವುದೇ ಈ ವಾರದ ಕೆಲಸ.