ಬಾರಾ ಎಷ್ಟು ಸಲ ಬೀಳುತ್ತೆ?

ಹೋದ ಭಾನುವಾರ ಮೈಸೂರಿಗೆ, ಅಕ್ಕನ ಮನೆಗೆ ಹೋದಾಗ ಅಲ್ಲಿ ಸಣ್ಣದೊಂದು ಯುದ್ಧ ನಡೀತಿತ್ತು. ಹತ್ತನೇ ಕ್ಲಾಸಿನ ಮಗಳಿಗೆ ಗಣಿತದ ಕಿರುಪರೀಕ್ಷೆಯಲ್ಲಿ 20ಕ್ಕೆ 7 ಬಂದಿದೆ. ಪಾಠ ಸಂಭವನೀಯತೆ. "ಸೈನ್ಸ್ ಸಹವಾಸ ಬೇಡ, ಬೇರೆ ಏನಾದ್ರೂ ತಗೊಳ್ಲಿ" ಅಂತ ಭಾವ. "ಗಣಿತ ನನ್ನ ಹಣೇಲಿ ಬರೆದಿಲ್ಲ ಬಿಡು ಮಾಮ" ಅಂತ ಇವಳು. ಮನೆಯಲ್ಲಿ ಒಬ್ಬ ಎಂಜಿನಿಯರ್ ಇದ್ದರೆ ಇಂಥ ಕೇಸೆಲ್ಲ ಅವನ ತಲೆಗೇ ಬರುತ್ತೆ.

ನಿಜ ಹೇಳಬೇಕಂದ್ರೆ ನನಗೂ ಈ ವಿಷಯ ಬರ್ತಿರಲಿಲ್ಲ. ನಾಲ್ಕನೇ ಸೆಮಿಸ್ಟರ್‌ನಲ್ಲಿ 'ರ‍್ಯಾಂಡಮ್ ವೇರಿಯಬಲ್' ಅಂತ ಒಂದು ಘಟಕ ಇತ್ತು. ಬೈನಾಮಿಯಲ್, ಪಾಯ್ಸಾನ್ ಸೂತ್ರಗಳನ್ನೆಲ್ಲ ಉರು ಹೊಡೆದು ಒಳ್ಳೇ ಅಂಕ ತಗೊಂಡೆ. ಆ ವೇರಿಯಬಲ್ ಅಂದ್ರೇನು ಅಂತ ಯಾರಾದ್ರೂ ಕೇಳಿದ್ದರೆ ಮುಗೀತಿತ್ತು ಕಥೆ. ಕನ್ನಡದಲ್ಲಿ 'ಯಾದೃಚ್ಛಿಕ ಚರ' ಅಂತಾರೆ. ಹೆಸರು ಕೇಳಿದ್ರೇ ಅರ್ಧ ಮಕ್ಕಳು ಓಡಿಹೋಗ್ತಾರೆ.

ಅಮ್ಮ ಊಟ ಮುಗಿಸಿ ಚೌಕಾಬಾರದ ಮಣೆ ತೆಗೆದಿಟ್ಟುಕೊಂಡು ಕೂತಿದ್ದಳು. ನಾನು ಪುಸ್ತಕ ಮುಚ್ಚಿಸಿ ನಾಲ್ಕು ಕವಡೆ ಇಸಿದುಕೊಂಡೆ.

ಆಟ ನಿಮಗೆ ಗೊತ್ತಿರುತ್ತೆ. ಎಷ್ಟು ಕವಡೆ ಬಾಯಿ ಮೇಲಾಗಿ ಬೀಳುತ್ತೋ ಅಷ್ಟು ಮನೆ ನಡೀಬೇಕು. ನಾಲ್ಕೂ ಮೇಲಾದರೆ ಚೌಕ, ಅಂದರೆ 4. ಒಂದೂ ಮೇಲಾಗದಿದ್ದರೆ ಬಾರಾ, 8. ಇವೆರಡು ಬಿದ್ದರೆ ಇನ್ನೊಂದು ಆಟ ಸಿಗುತ್ತೆ.

ಕವಡೆ ಎಸೆದೆ. "ಏನು ಬಿತ್ತು?" ಅಂದೆ. "ಮೂರು" ಅಂದಳು. "ಮೂರು ಎಲ್ಲಿದೆ ತೋರಿಸು" ಅಂದೆ. ನೆಲದ ಮೇಲೆ ಇರೋದು ನಾಲ್ಕು ಕವಡೆ, ಮೂರು ಬಾಯಿ ಮೇಲೆ, ಒಂದು ಬೆನ್ನು ಮೇಲೆ. ಅಷ್ಟೇ. ಆ ದೃಶ್ಯ ನೋಡಿ ಅದಕ್ಕೊಂದು ಸಂಖ್ಯೆ ಕೊಟ್ಟಿದ್ದು ಆಟದ ನಿಯಮ. ಬಾರಾ ನೋಡಿ, ಒಂದೂ ಕವಡೆ ಮೇಲಾಗಿರಲ್ಲ, ಆದ್ರೂ ನಾವು ಎಂಟು ಅಂತೀವಿ. ಹೀಗೆ ಬಿದ್ದಿದ್ದನ್ನೆಲ್ಲ ಸಂಖ್ಯೆಗೆ ತಿರುಗಿಸೋ ಆ ನಿಯಮವೇ ಯಾದೃಚ್ಛಿಕ ಚರ. ಬೀಜಗಣಿತದಲ್ಲಿ 'ಎಕ್ಸ್ ಕಂಡುಹಿಡಿಯಿರಿ' ಅಂತಾರಲ್ಲ, ಆ ಎಕ್ಸ್ ಅಲ್ಲ ಇದು. ಅಲ್ಲಿ ಎಲ್ಲೋ ಬಚ್ಚಿಟ್ಟುಕೊಂಡಿರೋ ಒಂದು ಉತ್ತರ ಇರುತ್ತೆ. ಇಲ್ಲಿ ಪ್ರತಿ ಸಲ ಎಸೆದಾಗಲೂ ಹೊಸದು.

"ಸರಿ, ಬಾರಾ ಬೀಳೋ ಸಂಭವ ಎಷ್ಟು?" ಅಂತ ಕೇಳಿದೆ. ಬೀಳಬಹುದಾದ್ದು 1, 2, 3, 4, 8. ಒಟ್ಟು ಐದು. "ಐದರಲ್ಲಿ ಒಂದು" ಅಂದಳು. ಅವಳ ಪರೀಕ್ಷೆಯ ಏಳಕ್ಕೆ ಕಾರಣ ಇಲ್ಲೇ ಸಿಕ್ತು.

ಇದು ದಡ್ಡರು ಮಾಡೋ ತಪ್ಪಲ್ಲ. ಫ್ರಾನ್ಸಿನ ದೊಡ್ಡ ಗಣಿತಜ್ಞ ಡಿ'ಅಲೆಂಬರ್ಟ್ 1754ರಲ್ಲಿ ವಿಶ್ವಕೋಶದಲ್ಲೇ ಇಂಥದ್ದೊಂದು ತಪ್ಪು ಬರೆದ. ನಾಣ್ಯ ಎರಡು ಸಲ ಚಿಮ್ಮಿದರೆ ಒಂದು ಸಲವಾದರೂ ಹೆಡ್ ಬೀಳೋ ಸಂಭವ ಮೂರರಲ್ಲಿ ಎರಡು ಅಂದ. ಸರಿಯಾದ್ದು ನಾಲ್ಕರಲ್ಲಿ ಮೂರು. ಮೊದಲನೇ ಸಲವೇ ಹೆಡ್ ಬಿದ್ದರೆ ಆಟ ಮುಗೀತಲ್ಲ ಅಂತ ಅವನು ಅದನ್ನು ಒಂದೇ ಫಲಿತಾಂಶ ಅಂತ ಎಣಿಸಿಬಿಟ್ಟಿದ್ದ. ಇದನ್ನ ಕೇಳಿದ ಮೇಲೆ ಇವಳ ಮುಖ ಸ್ವಲ್ಪ ಅರಳಿತು.

ಆಮೇಲೆ ನಾಲ್ಕು ಕವಡೆಗೂ ಸ್ಕೆಚ್ ಪೆನ್ನಲ್ಲಿ ಬೇರೆ ಬೇರೆ ಬಣ್ಣದ ಚುಕ್ಕೆ ಇಟ್ಟೆವು. ಈಗ ಯಾವುದು ಯಾವುದು ಅಂತ ಗುರುತು ಸಿಗುತ್ತೆ. ಪ್ರತಿಯೊಂದಕ್ಕೂ ಎರಡು ದಾರಿ, ಒಟ್ಟು 16. ಅವಳೇ ಒಂದೊಂದಾಗಿ ಬರೆದಳು. ಬಾರಾಗೆ 1, ಒಂದಕ್ಕೆ 4, ಎರಡಕ್ಕೆ 6, ಮೂರಕ್ಕೆ 4, ಚೌಕಕ್ಕೆ 1. ಈ ಪಟ್ಟಿಗೇ ಸಂಭವನೀಯತಾ ವಿತರಣೆ ಅನ್ನೋದು. ಇಷ್ಟೇನಾ ಅಂದಳು. ಇಷ್ಟೇ.

ಸರಾಸರಿ ತೆಗೆದರೆ ಒಂದು ಎಸೆತಕ್ಕೆ 2.5 ಮನೆ. "ಎರಡೂವರೆ ಬೀಳೋದೇ ಇಲ್ವಲ್ಲ!" ಅಂದಳು. ಬೀಳಲ್ಲ. ತುಂಬಾ ಹೊತ್ತು ಆಡಿದರೆ ಎಸೆತಕ್ಕೆ ಸುಮಾರು ಅಷ್ಟು ನಡೆದಿರ್ತೀಯ ಅಂತ ಅರ್ಥ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅಮ್ಮ ಕನ್ನಡಕ ಸರಿಮಾಡಿಕೊಂಡು, "ನಿಮ್ಮ ಲೆಕ್ಕ ತಪ್ಪು ಕಣೋ, ಈ ಕವಡೇಲಿ ಬಾರಾನೇ ಜಾಸ್ತಿ" ಅಂದುಬಿಟ್ಟಳು. ಪುಟ್ಟಿಗೆ ರೋಷ ಬಂತು. 160 ಸಲ ಎಸೆದು ಗೀಟು ಹಾಕಿದೆವು. ಸೊಂಟ ಬಿದ್ದುಹೋಯ್ತು ಅನ್ನಿ. ಲೆಕ್ಕದ ಪ್ರಕಾರ ಬಾರಾ 10, ಒಂದು 40, ಎರಡು 60, ಮೂರು 40, ಚೌಕ 10 ಬರಬೇಕು. ಬಂದಿದ್ದು ಬಾರಾ 18, ಒಂದು 52, ಎರಡು 57, ಮೂರು 28, ಚೌಕ ಬರೀ 5.

ಸ್ವಲ್ಪ ಹೆಚ್ಚುಕಮ್ಮಿ ಆಗೋದು ಸಹಜ. ಹತ್ತರ ಜಾಗದಲ್ಲಿ ಹನ್ನೆರಡು ಬಂದರೆ ತಲೆಕೆಡಿಸಿಕೊಳ್ಳಬೇಕಿಲ್ಲ. ಆದರೆ ಒಟ್ಟು ಬಿದ್ದ 640 ಕವಡೆಯಲ್ಲಿ ಬಾಯಿ ಮೇಲಾಗಿದ್ದು 270. ಅರ್ಧಕ್ಕಿಂತ 50 ಕಮ್ಮಿ! ದಾರಿ ಹದಿನಾರು ಅನ್ನೋದು ಸರಿ, ಹದಿನಾರೂ ಸಮ ಅಂತ ನಾವು ಕೇಳದೇ ಒಪ್ಪಿಕೊಂಡಿದ್ದು ತಪ್ಪು. ಪುಸ್ತಕದ ನಾಣ್ಯಕ್ಕೆ ಅದು ನಡೆಯುತ್ತೆ. ಒಂದು ಕಡೆ ಉಬ್ಬಿಕೊಂಡಿರೋ ಕವಡೆಗೆ ಎಣಿಸಿಯೇ ನೋಡಬೇಕು. ಅಮ್ಮ ಐವತ್ತು ವರ್ಷದಿಂದ ಎಣಿಸ್ತಾ ಬಂದಿದ್ದಾಳೆ, ಗೀಟು ಹಾಕಿಲ್ಲ ಅಷ್ಟೆ.

ಇನ್ನೂ ಒಂದು ತಮಾಷೆ ಇದೆ. ಈ 160 ಎಸೆತದ ಸರಾಸರಿ ತೆಗೆದರೆ ಸುಮಾರು 2.59. ಲೆಕ್ಕದ 2.5ಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವೇ ಇಲ್ಲ. ಬರೀ ಸರಾಸರಿ ನೋಡಿದ್ದರೆ ಕವಡೆಯ ಗುಟ್ಟು ಗೊತ್ತೇ ಆಗ್ತಿರಲಿಲ್ಲ. ಕೆಲಸದಲ್ಲಿ ನಾನು ಪೆಟ್ಟು ತಿಂದಿದ್ದೂ ಇಲ್ಲೇ. ನಮ್ಮ ಪ್ರೋಗ್ರಾಂ ಉತ್ತರ ಕೊಡೋ ಸರಾಸರಿ ಸಮಯ ಚೆನ್ನಾಗಿದೆ ಅಂತ ಮೀಟಿಂಗಲ್ಲಿ ಎದೆಯುಬ್ಬಿಸಿ ಹೇಳಿದ್ದೆ. ನೂರರಲ್ಲಿ ಒಬ್ಬಿಬ್ಬರು ನಿಮಿಷಗಟ್ಟಲೆ ಕಾಯ್ತಾ ಕೂತಿದ್ದು ಆ ಸರಾಸರಿಯಲ್ಲಿ ಮುಳುಗಿಹೋಗಿತ್ತು. ಉರು ಹೊಡೆದ ಸೂತ್ರದ ಅರ್ಥ ಅವತ್ತು ಬೈಸಿಕೊಳ್ತಾ ಆಯ್ತು.

ಮನೇಲಿ ಮಕ್ಕಳಿದ್ದರೆ ನೀವೂ ಇದನ್ನ ಮಾಡಿ ನೋಡಿ. ಕವಡೆ ಇಲ್ಲದಿದ್ದರೆ ಒಂದು ಮಗ್ಗುಲು ತೇಯ್ದ ಹುಣಸೆಬೀಜ ಆದೀತು. ಮಕ್ಕಳೇ ಎಸೆಯಲಿ, ಗೀಟೂ ಅವರೇ ಹಾಕಲಿ. 'ಯಾದೃಚ್ಛಿಕ' ಅನ್ನೋ ಪದವನ್ನ ಕೊನೆಗೆ ಹೇಳಿದ್ರೆ ಸಾಕು.

ಸೈನ್ಸೋ ಬೇರೆಯೋ ಇನ್ನೂ ತೀರ್ಮಾನ ಆಗಿಲ್ಲ. ಸಂಜೆ ಅಜ್ಜಿ ಮೊಮ್ಮಗಳು ಆಟಕ್ಕೆ ಕೂತರು. ಅಜ್ಜಿ ಕಾಯಿಯ ಮುಂದೆ ಇವಳ ಎರಡು ಕಾಯಿ ಸಿಕ್ಕಿಕೊಂಡಿದ್ದವು, ಒಂದು ಎರಡು ಮನೆ ದೂರದಲ್ಲಿ, ಇನ್ನೊಂದು ನಾಲ್ಕು ಮನೆ ದೂರದಲ್ಲಿ. ಒಂದನ್ನ ಮಾತ್ರ ಉಳಿಸಿಕೊಳ್ಳಬಹುದಿತ್ತು. ಪಟ್ಟಿ ನೋಡಿ, ಎರಡು ಮನೆ ದೂರದ್ದನ್ನ ಕಟ್ಟೆಗೆ ಸೇರಿಸಿದಳು. "ಚೌಕ ತಾನೇ, ಅಜ್ಜಿ, 160ರಲ್ಲಿ ಐದೇ ಸಲ ಬಿದ್ದಿದ್ದು!"

ಅಮ್ಮ ಕವಡೆ ಕುಲುಕಿ ಬಿಟ್ಟಳು. ನಾಲ್ಕೂ ಬಾಯಿ ಮೇಲೆ!

ನಾನು ಪುಟ್ಟಿಯ ಮುಖ ನೋಡಿದೆ. ಹಣೆಬರಹದ ಮಾತು ಬರಲಿಲ್ಲ. ನೋಟ್‌ಬುಕ್ ಎಳೆದುಕೊಂಡು ಚೌಕದ ಸಾಲಲ್ಲಿ ಆರನೇ ಗೀಟು ಹಾಕಿ, "ಈಗ 161" ಅಂದಳು. ಅಜ್ಜಿ ಇನ್ನೊಂದು ಆಟಕ್ಕೆ ಆಗಲೇ ಕವಡೆ ಎತ್ತಿಕೊಂಡಿದ್ದಳು.