ಬೀಜಗಣಿತದ ಭಿನ್ನರಾಶಿ: ಸರಿಯಾದ ಉತ್ತರದೊಳಗಿನ ತಪ್ಪು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗಗಳ ಪ್ರೌಢಶಾಲೆಗಳಲ್ಲಿ ಕನ್ನಡ ಮಾಧ್ಯಮದಿಂದ ಓದಿ ಪದವಿಪೂರ್ವ ವಿಜ್ಞಾನ ತರಗತಿಗೆ ಕಾಲಿಡುವ ವಿದ್ಯಾರ್ಥಿಗೆ ಇಂಗ್ಲಿಷ್ ಭಾಷೆಯೇ ಪ್ರಥಮ ವಿಘ್ನವೆಂದು ಹಿರಿಯರು ಭಾವಿಸುವುದುಂಟು. ಭಾಷೆಯ ತೊಡಕು ಅಭ್ಯಾಸಬಲದಿಂದ ಸಡಿಲವಾಗುವಂಥದು. ಅಷ್ಟು ಸುಲಭವಾಗಿ ಸಡಿಲವಾಗದ ತೊಡಕೊಂದು ಪ್ರೌಢಶಾಲೆಯ ಕಪ್ಪುಹಲಗೆಯ ಮೇಲೆಯೇ ಹುಟ್ಟುತ್ತದೆ. ಅದು ಬೀಜಗಣಿತದ ಭಿನ್ನರಾಶಿಗಳನ್ನು ಸಂಕ್ಷೇಪಿಸುವ ಕ್ರಮಕ್ಕೆ ಸಂಬಂಧಿಸಿದ್ದು.

(ಕ್ಷ² − 9)/(ಕ್ಷ − 3) ಎಂಬ ಲೆಕ್ಕವನ್ನೇ ನೋಡಬಹುದು. ಅಂಶವನ್ನು (ಕ್ಷ + 3)(ಕ್ಷ − 3) ಎಂದು ಅಪವರ್ತಿಸಿದ ಮೇಲೆ, ಅಂಶ ಛೇದಗಳೆರಡರಲ್ಲಿಯೂ ಇರುವ (ಕ್ಷ − 3) ತೊಲಗಿ ಕ್ಷ + 3 ಉಳಿಯುತ್ತದೆ. ಅವಸರದ ವಿದ್ಯಾರ್ಥಿ ಅಪವರ್ತನದ ಗೋಜಿಗೇ ಹೋಗುವುದಿಲ್ಲ. ಕ್ಷ²ವನ್ನು ಕ್ಷದಿಂದ ಹೊಡೆಯುತ್ತಾನೆ, 9ನ್ನು 3ರಿಂದ ಹೊಡೆಯುತ್ತಾನೆ, ಋಣಕ್ಕೆ ಋಣ ಧನವೆನ್ನುತ್ತಾನೆ. ಅವನಿಗೂ ಬರುವ ಉತ್ತರ ಕ್ಷ + 3! ಉತ್ತರವನ್ನಷ್ಟೇ ನೋಡುವ ಪರೀಕ್ಷಕರು ಪೂರ್ಣ ಅಂಕ ಕೊಟ್ಟುಬಿಡುತ್ತಾರೆ. ಎರಡು ವರ್ಗಗಳ ವ್ಯತ್ಯಾಸವನ್ನು ಅವುಗಳ ಮೂಲಗಳ ವ್ಯತ್ಯಾಸದಿಂದ ಭಾಗಿಸುವ ಲೆಕ್ಕಗಳಲ್ಲೆಲ್ಲ ಈ ಮೋಸ ಸಾಗುತ್ತದೆ. ಪಾಠದ ಮೊದಲ ದಿನವೇ ಇದನ್ನು ಕೊಡುವ ರೂಢಿಯನ್ನು ಬಿಡುವುದು ಲೇಸು.

ಅದೇ ವಿದ್ಯಾರ್ಥಿಯ ಮುಂದೆ (ಕ್ಷ² + 9)/(ಕ್ಷ + 3) ಇಡಬೇಕು. ಅವನು ಪುನಃ ಕ್ಷ + 3 ಎಂದೇ ಬರೆಯುತ್ತಾನೆ. ಕ್ಷಕ್ಕೆ 1ರ ಬೆಲೆಯಿತ್ತು ಅವನ ಕೈಯಿಂದಲೇ ತಾಳೆ ನೋಡಿಸಿದರೆ ಭಿನ್ನರಾಶಿ 10/4, ಅಂದರೆ ಎರಡೂವರೆ. ಅವನ ಉತ್ತರ 4. ಕೂಡಿ ನಿಂತ ಪದ ಬೇರೆ, ಗುಣಿಸಿ ನಿಂತ ಅಪವರ್ತನ ಬೇರೆ ಎಂಬುದು ಆಗ ಅವನಿಗೆ ಹೊಳೆಯುತ್ತದೆ. ಈ ಭಿನ್ನರಾಶಿ ಸಂಕ್ಷೇಪಗೊಳ್ಳುವುದೇ ಇಲ್ಲವೆಂಬುದೂ ಅವನು ಕಲಿಯಬೇಕಾದ ಉತ್ತರವೇ.

ಇನ್ನೊಂದು ಸೂಕ್ಷ್ಮವುಂಟು. ಕ್ಷದ ಬೆಲೆ 3 ಆದಾಗ ಮೊದಲ ಭಿನ್ನರಾಶಿಯ ಛೇದ ಶೂನ್ಯವಾಗಿ ಅದಕ್ಕೆ ಅರ್ಥವೇ ಇರುವುದಿಲ್ಲ. ಸಂಕ್ಷೇಪಿಸಿದ ಕ್ಷ + 3 ಮಾತ್ರ ನಿರಾತಂಕವಾಗಿ 6 ಎನ್ನುತ್ತದೆ. ಆದ್ದರಿಂದ ಕ್ಷ 3 ಆಗಿರಕೂಡದೆಂಬ ನಿಬಂಧನೆ ಉತ್ತರದ ಅಂಗವೇ ಸರಿ. ಇದನ್ನು ಮರೆತ ಮಕ್ಕಳನ್ನು ಹಳಿಯುವ ಮುನ್ನ, ಸಿಂದಗಿಯಿಂದ ಪೂರ್ವಕ್ಕೆ ಭೀಮೆಯಾಚೆಯ ಮಳಖೇಡವನ್ನು ನೆನೆಯಬಹುದು. ಅಲ್ಲಿಂದ ಆಳಿದ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, 'ಗಣಿತಸಾರಸಂಗ್ರಹ'ವನ್ನು ರಚಿಸಿದ ಮಹಾವೀರಾಚಾರ್ಯನು ಭಿನ್ನರಾಶಿಗಳನ್ನು ಸವಿಸ್ತಾರವಾಗಿ ವಿವೇಚಿಸಿದವನು. ಅಂಥವನೇ, ಶೂನ್ಯದಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುವುದೆಂದು ಬರೆದ. 1150ರ 'ಲೀಲಾವತಿ'ಯಲ್ಲಿ ಭಾಸ್ಕರಾಚಾರ್ಯನು ಅಂಥ ರಾಶಿಗೆ ಖಹರವೆಂಬ ಬೇರೆಯೇ ಹೆಸರಿತ್ತ.

ಪದವಿಪೂರ್ವ ಪ್ರಥಮ ವರ್ಷದ 'ಲಿಮಿಟ್' ಪಾಠದಲ್ಲಿ ಇದೇ ಲೆಕ್ಕ ಮರಳಿ ಎದುರಾಗುತ್ತದೆ: ಕ್ಷ 3 ಆಗದೆಯೇ 3ಕ್ಕೆ ಸಮೀಪಿಸಿದಂತೆಲ್ಲ ಭಿನ್ನರಾಶಿಯ ಬೆಲೆ 6ಕ್ಕೆ ಸಮೀಪಿಸುವುದೆಂದು. ಹೊಡೆದುಹಾಕುವುದನ್ನಷ್ಟೇ ಕಲಿತವನಿಗೆ ಇದೊಂದು ಕಣ್ಕಟ್ಟು. ತನಗೆ ಇಂಗ್ಲಿಷ್ ತಿಳಿಯಲಿಲ್ಲವೆಂದೇ ಆತ ಬಗೆಯುತ್ತಾನೆ. ದಾನಿಗಳ ಔದಾರ್ಯದಿಂದ ಕೊಠಡಿಗಳು ಏಳುತ್ತಿವೆ, ಸಂತೋಷ. ಈ ಪಾಠಕ್ಕೆ ಬೇಕಾದುದು ವೇಳಾಪತ್ರಿಕೆಯಲ್ಲಿ ಇನ್ನೆರಡು ಅವಧಿ. ಮತ್ತು ಶಾಲೆಯ ಆಂತರಿಕ ಪರೀಕ್ಷೆಗಳಲ್ಲಾದರೂ, ಮೂರು ಅಂಕದ ಲೆಕ್ಕದಲ್ಲಿ ಅಪವರ್ತನದ ಹೆಜ್ಜೆಗೆ ಒಂದು, ನಿಬಂಧನೆಗೆ ಒಂದು, ಉತ್ತರಕ್ಕೆ ಉಳಿದ ಒಂದೇ ಅಂಕ.